ವೆಂಡೆಲ್‌ನ ಗಿಟಾರಿನ ಕುತ್ತಿಗೆ

ಜನವರಿ ಮುಗಿಯುವುದರೊಳಗೆ ವೆಂಡೆಲ್‌ನ ಗಿಟಾರು ಮತ್ತೆ ರಿಟ್ವಾಳ ಮೇಜಿನ ಮೇಲೆ ಬಂದು ಮಲಗಿತು. ಕ್ರಿಸ್‌ಮಸ್ಸಿಗೆ ಮುಂಚೆ ಒಮ್ಮೆ ಬಂದಿತ್ತು. ಹೊಸ ವರ್ಷ ಕಳೆದ ಮೇಲೆ ಇನ್ನೊಮ್ಮೆ ಬಂದಿತ್ತು. ಎರಡು ಸಲವೂ ಅವಳು ಅದನ್ನು ಸರಿಮಾಡಿ, ಒರೆಸಿ, ಪೆಟ್ಟಿಗೆಗೆ ಹಾಕಿ, ಹುಷಾರಾಗಿ ಇಟ್ಟುಕೋ ಎಂದು ಹೇಳಿ ಕಳಿಸಿದ್ದಳು. ಈಗ ನೋಡಿದರೆ ಅದೇ ಗಿಟಾರು, ಅದೇ ದೂರು.

"ಝರ್ ಅಂತಿದೆ," ಅಂದ ವೆಂಡೆಲ್, ಬೂಟಿನ ಹಿಮವನ್ನು ಬಾಗಿಲ ಚಾಪೆಗೆ ಕೊಡವುತ್ತ. "ಮೇಲಿನ ಮೂರು ತಂತೀನೂ. ಜೀರುಂಡೆ ಸಿಕ್ಕಿಹಾಕ್ಕೊಂಡ ಹಾಗೆ."

"ನೀನು ಮುಟ್ಟಿದೀಯ."

"ಮುಟ್ಟಿಲ್ಲ ಕಣೇ."

"ಹಾಗಾದ್ರೆ ಅದೇ ಎದ್ದು ತನ್ನ ಕುತ್ತಿಗೆ ತಾನೇ ತಿರುಚ್ಕೊಳ್ತಾ?"

"ಚಳಿಗೆ. ಹೀಟರ್ ಹಾಕಿದ್ರೆ ಮರ ಒಣಗತ್ತೆ, ಕುತ್ತಿಗೆ ಸರಿಯತ್ತೆ ಅಂತ ನೀನೇ ಹೇಳ್ತಿರ್ತೀಯಲ್ಲ."

ರಿಟ್ವಾಗೆ ಸಿಟ್ಟು ಬಂದಿದ್ದು ಇದಕ್ಕೇ. ಮದುವೆಯಾಗಿದ್ದಷ್ಟು ಕಾಲವೂ ಅವಳು ಈ ಮಾತನ್ನು ಅವನ ಕಿವಿಗೆ ಹಾಕಿದ್ದಳು. ಆಗೆಲ್ಲ ಅವನು ಗಿಟಾರನ್ನು ಸೌದೆ ಒಲೆಯ ಪಕ್ಕದ ಗೋಡೆಗೇ ನೇತುಹಾಕುತ್ತಿದ್ದ. ವಿಚ್ಛೇದನವಾಗಿ ಹತ್ತು ವರ್ಷ ದಾಟಿದ ಮೇಲೆ ಅವಳ ಮಾತು ಅವನ ತಲೆಗೆ ಹತ್ತಿತ್ತು. ಹತ್ತಿದ್ದೂ ಅವಳಿಗೇ ತಿರುಗಿಸಿ ಹೇಳುವುದಕ್ಕೆ.

ಥಂಡರ್ ಬೇ ಊರಿನಲ್ಲಿ ಗಿಟಾರು ಕೆಟ್ಟರೆ ರಿಟ್ವಾ ಸಾಲ್ಮಿಯ ಮನೆಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಮೊದಲು ಅವಳು ಕಾಗದದ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದಳು. ಗಂಡನ ಗಿಟಾರು ಆಗಾಗ ಕೆಡುತ್ತಿತ್ತು, ಅವನಿಗೆ ಸ್ಕ್ರೂಡ್ರೈವರ್ ಹಿಡಿಯುವ ತಾಳ್ಮೆ ಇರಲಿಲ್ಲ, ಹಾಗಾಗಿ ಇವಳೇ ಕಲಿತಳು. ಕಾರ್ಖಾನೆ ಮುಚ್ಚಿದಾಗ ಕಲಿತದ್ದೇ ಕಸುಬಾಯಿತು. ಮನೆಯ ಹಿಂದಿನ ಗಾಜಿನ ವರಾಂಡವನ್ನು ಬೆಚ್ಚಗೆ ಮಾಡಿಕೊಂಡು ಅಲ್ಲಿ ಮೇಜು ಹಾಕಿದಳು. ಆಮೇಲೆ ಗಂಡ ಹೋದ, ಅವನ ಗಿಟಾರು ಮಾತ್ರ ಹೋಗಲಿಲ್ಲ. ಇನ್ನೊಬ್ಬ ರಿಪೇರಿಯವನನ್ನು ಹುಡುಕಬೇಕೆಂದರೆ ದಿನವಿಡೀ ಕಾರು ಓಡಿಸಿ ವಿನ್ನಿಪೆಗ್‌ಗೆ ಹೋಗಬೇಕಿತ್ತು, ವೆಂಡೆಲ್‌ಗೆ ಅಷ್ಟು ಸ್ವಾಭಿಮಾನವಿರಲಿಲ್ಲ.

ಅವನು ಹೋದ ಮೇಲೆ ರಿಟ್ವಾ ಗಿಟಾರಿನ ತಲೆಯ ಬಳಿಯ ಪುಟ್ಟ ಮುಚ್ಚಳವನ್ನು ಬಿಚ್ಚಿದಳು. ಗಿಟಾರಿನ ಕುತ್ತಿಗೆ ಕಣ್ಣಿಗೆ ನೇರವಾಗಿ ಕಂಡರೂ ಪೂರಾ ನೇರ ಇರುವುದಿಲ್ಲ, ಇರಲೂಬಾರದು. ಆರು ತಂತಿಗಳು ಹಗಲೂ ರಾತ್ರಿ ಅದನ್ನು ಮುಂದಕ್ಕೆ ಜಗ್ಗುತ್ತಿರುತ್ತವೆ. ಆ ಜಗ್ಗಾಟಕ್ಕೆ ಎದುರಾಗಿ ಹಿಡಿದುಕೊಳ್ಳಲು ಮರದೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ, ಟ್ರಸ್ ರಾಡ್ ಎಂದು. ಅದರ ತುದಿಯ ನಟ್ಟನ್ನು ಬಿಗಿ ಮಾಡಿದರೆ ಕುತ್ತಿಗೆ ಹಿಂದಕ್ಕೆ ಸರಿಯುತ್ತದೆ, ಸಡಿಲಿಸಿದರೆ ಮುಂದಕ್ಕೆ ಬಾಗುತ್ತದೆ. ಎರಡರ ನಡುವೆ, ತಂತಿಯಡಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಬಾಗು ಉಳಿದಿರಬೇಕು, ಹಾಗಿದ್ದರೆ ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ ತಾಗದೆ ಮಿಡಿಯುತ್ತದೆ. ವೆಂಡೆಲ್‌ನ ಗಿಟಾರಿನಲ್ಲಿ ಕಾರ್ಡ್ ಇರಲಿ, ಕೂದಲೂ ತೂರುತ್ತಿರಲಿಲ್ಲ. ಕುತ್ತಿಗೆ ಬೆನ್ನು ಸೆಟೆದುಕೊಂಡು ಹಿಂದಕ್ಕೆ ವಾಲಿತ್ತು.

ಮರ ಒಣಗಿ ಅಷ್ಟು ವಾಲಲು ಸಾಧ್ಯವಿಲ್ಲ. ಮೊದಲ ಸಲ ಅವಳೂ ಚಳಿಯನ್ನೇ ದೂರಿದ್ದಳು. ಎರಡನೆಯ ಸಲ ಅನುಮಾನ ಬಂದಿತ್ತು. ಈಗ ಅನುಮಾನ ಉಳಿದಿರಲಿಲ್ಲ. ಅವಳು ನಟ್ಟನ್ನು ಹದಕ್ಕೆ ತಂದಳು, ತಂತಿಗಳು ಕೂರುವ ಕುದುರೆಯ ತಿರುಪುಗಳನ್ನು ಮತ್ತೆ ಮೇಲೆತ್ತಿದಳು, ಏಕೆಂದರೆ ಅವನ್ನೂ ಯಾರೋ ಇಳಿಸಿದ್ದರು. ಎಲ್ಲ ಮುಗಿದ ಮೇಲೆ, ತಂಗಿಯ ಮಗಳು ಬಿಟ್ಟುಹೋಗಿದ್ದ ನೇಲ್ ಪಾಲಿಶ್ ತಂದು ನಟ್ಟಿನಿಂದ ಪಕ್ಕದ ಮರದ ತನಕ ಒಂದು ತೆಳ್ಳನೆ ಕೆಂಪು ಗೆರೆ ಎಳೆದಳು. ನಟ್ಟು ಅಲುಗಿದರೆ ಗೆರೆ ತುಂಡಾಗುತ್ತದೆ. ಮುಚ್ಚಳ ಹಾಕಿದಳು. ವೆಂಡೆಲ್‌ಗೆ ಹೇಳಲಿಲ್ಲ.

ಫೆಬ್ರವರಿ ಶುರುವಾಗುತ್ತಿದ್ದಂತೆ ಅವನು ಮತ್ತೆ ಬಂದ. ಈ ಸಲ ಬಾಯಿ ಬಿಡುವ ಮೊದಲೇ ರಿಟ್ವಾ ಗಿಟಾರನ್ನು ಅವನ ಕೈಯಿಂದ ಕಿತ್ತುಕೊಂಡು ಮುಚ್ಚಳ ತೆಗೆದು, ಕನ್ನಡಕ ಏರಿಸಿ ನೋಡಿದಳು. ಮರದ ಮೇಲಿನ ಗೆರೆ ಒಂದು ಕಡೆ, ನಟ್ಟಿನ ಮೇಲಿನದು ಇನ್ನೊಂದು ಕಡೆ.

"ಬಾ ಇಲ್ಲಿ. ಬಗ್ಗು. ಏನು ಕಾಣ್ತಿದೆ?"

ವೆಂಡೆಲ್ ಬಗ್ಗಿದ. "ಇದೇನು, ನನ್ನ ಗಿಟಾರಿಗೆ ಉಗುರು ಬಣ್ಣ ಹಚ್ಚಿದೀಯಾ?"

"ಗೆರೆ ಮುರಿದಿದೆ. ಯಾರೋ ಕಾಲು ಸುತ್ತು ಬಿಗಿ ಮಾಡಿದಾರೆ. ಆ ಯಾರೋ ನೀನು."

"ನಮ್ಮಮ್ಮನ ಗೋರಿ ಮೇಲಾಣೆ, ನಾನಲ್ಲ."

"ಆ ಗೋರಿ ಮೇಲೆ ನೀನು ಮಾಡಿರೋ ಆಣೆಗಳಿಗೆ ನಿಮ್ಮಮ್ಮ ಮಲಗೋಕಾಗದೆ ಎದ್ದು ಕೂತಿರ್ತಾಳೆ."

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಅವನು ಇವಳ ಕಣ್ಣಿನ ಶಕ್ತಿಯ ಬಗ್ಗೆ ಅಂದ, ಇವಳು ಅವನ ಸೌದೆ ಒಲೆಯ ಬಗ್ಗೆ ಅಂದಳು, ಅವನು ಒಂದು ಹಳೆಯ ಮೀನು ಹಿಡಿಯುವ ಪ್ರವಾಸವನ್ನು ಎತ್ತಿದ, ಇವಳು ಅದೇ ಪ್ರವಾಸದಲ್ಲಿ ಮುಳುಗಿದ ದೋಣಿಯನ್ನು ನೆನಪಿಸಿದಳು. ಬೈಯುತ್ತಲೇ ರಿಟ್ವಾ ಅವನ ಕಿವಿಗಳನ್ನು ಗಮನಿಸುತ್ತಿದ್ದಳು. ಸುಳ್ಳು ಹೇಳುವಾಗ ವೆಂಡೆಲ್‌ನ ಕಿವಿ ಕೆಂಪಾಗುತ್ತದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಗಡಿಯಾರದಷ್ಟು ಖಚಿತ. ಈಗ ಕಿವಿ ಕೆಂಪಾಗಿರಲಿಲ್ಲ. ಚಳಿಯಿಂದ ಬಂದವನ ಕಿವಿ ಆಗಿರಬೇಕಾದಷ್ಟೂ ಆಗಿರಲಿಲ್ಲ.

ಹಾಗಾದರೆ ಯಾರು? ವೆಂಡೆಲ್ ತನ್ನ ತಂಡದ ಡ್ರಮ್ಮರ್ ಆರ್ವಿಲ್‌ನ ಹೆಸರು ಹೇಳಿದ. ಆರ್ವಿಲ್‌ಗೆ ತನ್ನ ಡ್ರಮ್ಮಿನ ತಿರುಪು ಬಿಗಿ ಮಾಡಲೂ ಬೇರೆಯವರು ಬೇಕು ಎಂದು ರಿಟ್ವಾ ನೆನಪಿಸಿದಳು. ಕೊನೆಗೆ ಇಬ್ಬರಿಗೂ ಸುಸ್ತಾಯಿತು. ಅವಳು ಗಿಟಾರನ್ನು ಮತ್ತೆ ಹದಕ್ಕೆ ತಂದು ಕೊಟ್ಟಳು. ಇನ್ನೊಂದು ಸಲ ಇದನ್ನು ಹೊತ್ತು ತಂದರೆ ಬಾಗಿಲು ತೆಗೆಯುವುದಿಲ್ಲ, ವಿನ್ನಿಪೆಗ್‌ ದಾರಿ ಹಿಡಿ ಎಂದು ಎಚ್ಚರಿಸಿದಳು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ವರ್ಷದ ಕುಣಿತ ಹತ್ತಿರ ಬರುತ್ತಿತ್ತು, ಊರಿನ ಅರ್ಧ ಜನ ಅಲ್ಲಿ ಸೇರುತ್ತಾರೆ, ಅಲ್ಲಿ ತನ್ನ ಗಿಟಾರು ಝರ್ ಅಂದರೆ ತಲೆ ಎತ್ತುವುದು ಹೇಗೆ ಎಂದು ವೆಂಡೆಲ್ ಗೊಣಗುತ್ತ ಹೋದ.

ಕುಣಿತ ಇದ್ದದ್ದು ಶನಿವಾರ. ಗುರುವಾರ ಮಧ್ಯಾಹ್ನ ರಿಟ್ವಾ ಸೂಪು ಬಿಸಿ ಮಾಡಿಕೊಳ್ಳುತ್ತಿದ್ದಾಗ ಹಿಂಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಜೋಸೆಟ್ ನಿಂತಿದ್ದಳು. ಕೆಲವು ವರ್ಷಗಳಿಂದ ವೆಂಡೆಲ್ ಬಾಳುತ್ತಿರುವುದು ಇವಳ ಜೊತೆ. ಫ್ರೆಂಚ್ ಮಾತಾಡುವ ಉತ್ತರದ ಊರಿನವಳು, ಬೇಕರಿಯಲ್ಲಿ ಕೆಲಸ, ರಿಟ್ವಾಗಿಂತ ಸ್ವಲ್ಪ ಚಿಕ್ಕವಳು. ಅಂಗಡಿಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದರು, ಅದಕ್ಕಿಂತ ಹೆಚ್ಚು ಬಳಕೆಯಿರಲಿಲ್ಲ. ಈಗ ಅವಳ ತೋಳಿನಲ್ಲಿ ಹೊದಿಕೆಯಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಕೂಸನ್ನು ಆಸ್ಪತ್ರೆಗೆ ತಂದವಳ ಹಾಗೆ ಅದನ್ನು ಎದೆಗವಚಿಕೊಂಡಿದ್ದಳು.

ಹೊದಿಕೆಯ ತುದಿಯಲ್ಲಿ ವೆಂಡೆಲ್‌ನ ಗಿಟಾರಿನ ತಲೆ ಕಾಣುತ್ತಿತ್ತು.

"ಪೆಟ್ಟಿಗೆ ಅವನ ಕಾರಲ್ಲಿದೆ," ಅಂದಳು ಜೋಸೆಟ್. "ಅದಕ್ಕೆ ಹೀಗೆ ತಂದೆ. ರಿಟ್ವಾ, ಇದು ಮುರಿದುಹೋಯ್ತು ಅನ್ಸತ್ತೆ."

ಈ ಚಳಿಯಲ್ಲಿ ಹೊದಿಕೆ ಸುತ್ತಿ ಗಿಟಾರು ತರುತ್ತಾರೆಯೇ, ಬಣ್ಣ ಸೀಳಿಹೋದರೆ ಏನು ಗತಿ ಎಂದು ರಿಟ್ವಾ ಗದರಿಕೊಂಡೇ ಒಳಗೆ ಕರೆದಳು. ಗಿಟಾರು ಬೆಚ್ಚಗಾಗಲಿ ಎಂದು ಹಾಗೇ ಬಿಟ್ಟು, ಏನಾಯಿತು ಎಂದು ಕೇಳಿದಳು. ಜೋಸೆಟ್ ಕೈಗವಸು ತೆಗೆಯದೆ ನಿಂತಿದ್ದಳು. ತಲೆಯ ಹತ್ತಿರದ ನಟ್ಟು ತಿರುಗಿಸುವಾಗ ಕೀಲಿ ಜಾರಿತು, ಈಗ ಯಾವ ಕಡೆಗೂ ತಿರುಗುತ್ತಿಲ್ಲ, ತಂತಿಗಳೆಲ್ಲ ಮರಕ್ಕೆ ಅಂಟಿಕೊಂಡಿವೆ ಎಂದಳು.

ರಿಟ್ವಾಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಸ್ಟೂಲಿನ ಮೇಲೆ ಕೂತಳು.

"ನೀವಾ?"

"ನಾನೇ."

"ಅಷ್ಟೂ ಸಲ?"

"ಅಷ್ಟೂ ಸಲ."

ಈ ಚಳಿಗಾಲವೆಲ್ಲ ವೆಂಡೆಲ್‌ಗಾಗಿ ಕೂಡಿಟ್ಟಿದ್ದ ಬೈಗುಳ ರಿಟ್ವಾಳ ಬಾಯಿಯ ತನಕ ಬಂದು, ಎದುರಿಗಿದ್ದವಳು ಬೇರೆಯಾದ್ದರಿಂದ ದಾರಿ ತಪ್ಪಿ ನಿಂತಿತು. ಅವಳು ಕಾಫಿ ಬಗ್ಗಿಸಿ ಕೊಟ್ಟಳು, ಕೂರು ಅಂದಳು, ಹೇಳು ಅಂದಳು. ಅಷ್ಟರಲ್ಲಿ ಬಹುವಚನ ಬಿಟ್ಟುಹೋಗಿತ್ತು.

ಜೋಸೆಟ್ ಹೇಳಿದ್ದು ಇಷ್ಟು. ಅವಳ ಬೇಕರಿ ಕೆಲಸ ಬೆಳಕು ಹರಿಯುವ ಮುಂಚೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ವೆಂಡೆಲ್ ಸಂಜೆಯವರೆಗೆ ಸಿಟಿ ಬಸ್ ಓಡಿಸುತ್ತಾನೆ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ಅವಳೂ ಗಿಟಾರೂ ಇಬ್ಬರೇ. ಶರತ್ಕಾಲದಲ್ಲಿ ಒಂದು ದಿನ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಳು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಒಂದೊಂದೇ ಸ್ವರಗುಚ್ಛ ಕಲಿಯತೊಡಗಿದಳು. ಆದರೆ ವೆಂಡೆಲ್‌ನ ಗಿಟಾರಿನಲ್ಲಿ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಷ್ಟು ಎತ್ತರ. ಒತ್ತಿದರೆ ಬೆರಳು ಕತ್ತರಿಸಿ ಹೋಗುವಷ್ಟು ನೋವು. ತಂತಿ ಎತ್ತರವಾಗಿದ್ದರೆ ಈ ನಟ್ಟು ಬಿಗಿ ಮಾಡಿ ಎಂದು ವಿಡಿಯೋದವನೊಬ್ಬ ಹೇಳಿದ. ಬಿಗಿ ಮಾಡಿದಳು, ತಂತಿ ತಗ್ಗಿತು, ಬೆರಳಿಗೆ ಹಿತವಾಯಿತು. ಇನ್ನೂ ತಗ್ಗಲಿ ಎಂದು ಕುದುರೆಯನ್ನೂ ಇಳಿಸಿದಳು. ಇವಳು ಮೆಲ್ಲಗೆ ಮೀಟುವವಳು, ಝರ್ ಎನ್ನುವ ಸದ್ದು ಇವಳಿಗೆ ಕೇಳಿಸಲೇ ಇಲ್ಲ. ವೆಂಡೆಲ್ ಹೊಡೆಯುವವನು, ಅವನ ಏಟಿಗೆ ಕೇಳಿಸಿತು. ಅವನು ಅದನ್ನು ರಿಟ್ವಾಳ ಹತ್ತಿರ ಒಯ್ದ, ತಂತಿ ಮತ್ತೆ ಮೇಲೇರಿ ಬಂತು. ಇವಳು ಮತ್ತೆ ಇಳಿಸಿದಳು. ಪ್ರತಿ ಸಲವೂ ಈ ಬಾರಿ ಸ್ವಲ್ಪವೇ ತಿರುಗಿಸುತ್ತೇನೆ, ಅವನಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತಿದ್ದಳಂತೆ.

"ಅವನು ಬಂದು ನಿನ್ನನ್ನ ಬೈಕೊಳ್ಳೋದು ಕೇಳ್ತಾ ಕೂತಿರ್ತಿದ್ದೆ," ಅಂದಳು ಜೋಸೆಟ್. "ರಿಟ್ವಾಗೆ ಕಣ್ಣು ಮಂಜಾಗಿದೆ, ಕೈ ತಪ್ತಿದೆ ಅಂತ. ನಂಗೆ ಅನ್ನ ಇಳೀತಿರ್ಲಿಲ್ಲ."

"ಅವನನ್ನೇ ಕೇಳಬಹುದಿತ್ತಲ್ಲ, ನಂಗೂ ಕಲಿಸು ಅಂತ."

"ಕೇಳ್ದೆ. ಎರಡು ಸಲ. ಒಂದ್ಸಲ ನಕ್ಕ. ಇನ್ನೊಂದ್ಸಲ, ಈ ವಯಸ್ಸಲ್ಲಿ ಬೆರಳು ಬಗ್ಗಲ್ಲ, ನಾನು ಬಾರಿಸ್ತೀನಲ್ಲ, ನೀನು ಕೂತು ಕೇಳು ಅಂದ."

ರಿಟ್ವಾ ಕಾಫಿ ಲೋಟವನ್ನು ಕೆಳಗಿಟ್ಟಳು. ಮದುವೆಯಾದ ಹೊಸದರಲ್ಲಿ ಅವಳೂ ಕೇಳಿದ್ದಳು. ಆಗ ಅವಳಿಗೆ ಇಪ್ಪತ್ತನಾಲ್ಕು, ಬೆರಳುಗಳು ಬೇಕಾದಂತೆ ಬಗ್ಗುತ್ತಿದ್ದವು. ಮನೆಗೊಬ್ಬ ಬಾರಿಸುವವನಿದ್ದರೆ ಸಾಕು ಎಂದು ವೆಂಡೆಲ್ ಅಂದಿದ್ದ, ಬಹಳ ಪ್ರೀತಿಯಿಂದಲೇ. ಇವಳೂ ಸರಿ ಅಂದುಕೊಂಡು ಸ್ಕ್ರೂಡ್ರೈವರ್ ಹಿಡಿದಿದ್ದಳು. ಊರಿನ ಅಷ್ಟೂ ಗಿಟಾರುಗಳು ಅವಳ ಕೈಯಲ್ಲಿ ಶ್ರುತಿಗೆ ಬರುತ್ತವೆ, ಆದರೆ ಪರೀಕ್ಷೆಗೆ ಬೇಕಾದ ನಾಲ್ಕು ಸ್ವರಗುಚ್ಛ ಬಿಟ್ಟರೆ ಅವಳಿಗೆ ಒಂದು ಹಾಡೂ ಬಾರದು.

ಹಾಗಂತ ಅವಳ ಸಿಟ್ಟೇನೂ ಇಳಿಯಲಿಲ್ಲ. ಗಿಟಾರನ್ನು ಹೊದಿಕೆಯಿಂದ ಬಿಚ್ಚಿ ದೀಪದ ಕೆಳಗೆ ಹಿಡಿದು ನೋಡಿದ ಮೇಲೆ ಇನ್ನಷ್ಟು ಏರಿತು. ನಟ್ಟಿನೊಳಗಿನ ಆರು ಮೂಲೆಯ ತೂತು ಸವೆದು ದುಂಡಗಾಗಿತ್ತು.

"ಯಾವ ಕೀಲೀಲಿ ತಿರುಗಿಸ್ದೆ?"

ಜೋಸೆಟ್ ಕೋಟಿನ ಜೇಬಿನಿಂದ ತೆಗೆದು ತೋರಿಸಿದಳು. ಪುಸ್ತಕದ ಕಪಾಟು ಜೋಡಿಸಲು ಅದರ ಜೊತೆ ಬರುವ, ಆರು ಮೂಲೆಯ ಪುಕ್ಕಟೆ ಅಲೆನ್ ಕೀ.

"ಇದು ಕೂರೋದೇ ಇಲ್ಲ ಇದಕ್ಕೆ. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಮೂಲೆ ಮೂಲೆಯಾಗಿ ಕೆರೆದು ಹಾಕಿದೀಯ. ಇನ್ನೊಂಚೂರು ಬಲ ಹಾಕಿದ್ರೆ ಒಳಗಿನ ಸರಳೇ ತುಂಡಾಗ್ತಿತ್ತು, ಆಮೇಲೆ ಇದನ್ನ ಒಲೆಗೆ ಹಾಕ್ಬೇಕಿತ್ತು. ತಂತಿ ಇಳಿಸ್ಬೇಕು ಅಂದ್ರೆ ಇಲ್ಲಿ, ಈ ಕುದುರೆ ಹತ್ರ. ಸರಳು ಇರೋದು ಕುತ್ತಿಗೆಯ ಬಾಗು ಕಾಯೋದಕ್ಕೆ. ತಂತಿ ಎತ್ತರಕ್ಕೂ ಅದಕ್ಕೂ ನೆಂಟಸ್ತನ ಇದೆ, ಆದ್ರೆ ಒಂದರ ಕೆಲಸ ಇನ್ನೊಂದಕ್ಕೆ ಹೇಳ್ಬಾರ್ದು. ಆ ವಿಡಿಯೋದವನು ಸಿಕ್ಕಿದ್ರೆ ನಾನು ಅವನ ಕುತ್ತಿಗೆ ಹದ ಮಾಡ್ತೀನಿ."

ಸಂಜೆ ಅವನು ಬರುವುದರೊಳಗೆ ಸರಿಹೋಗುತ್ತದೆಯೇ ಎಂದು ಜೋಸೆಟ್ ಕೇಳಿದಳು. ಆಗುವುದಿಲ್ಲ ಎಂದಳು ರಿಟ್ವಾ. ನಟ್ಟು ತೆಗೆಯುವುದೇ ಒಂದು ಯುದ್ಧ, ತೆಗೆದ ಮೇಲೂ ಇಷ್ಟು ಹಿಂಸೆಪಟ್ಟ ಮರ ತನ್ನ ಜಾಗಕ್ಕೆ ಬರಲು ಒಂದು ದಿನ ಸುಮ್ಮನೆ ಬಿಡಬೇಕು. ನೀನೇ ಅವನಿಗೆ ಏನಾದರೂ ಹೇಳಿಬಿಡು, ನಿನ್ನ ಮಾತಾದರೆ ನಂಬುತ್ತಾನೆ ಎಂದು ಜೋಸೆಟ್ ಬೇಡಿದಳು.

"ನಾನು ಹೇಳಲ್ಲ," ಅಂದಳು ರಿಟ್ವಾ. "ಆ ಮನುಷ್ಯನ ಸಂಸಾರದಲ್ಲಿ ನನ್ನ ಪಾಳಿ ಮುಗಿದಿದೆ. ಫೋನ್ ಮಾಡಿ ಇಲ್ಲಿಗೇ ಬಾ ಅನ್ನು. ಬರೋವರೆಗೆ ದೀಪ ಹಿಡ್ಕೊ."

ಜೋಸೆಟ್ ದೀಪ ಹಿಡಿದಳು. ರಿಟ್ವಾ ತಂತಿಗಳನ್ನೆಲ್ಲ ಸಡಿಲಿಸಿ ಕಳಚಿದಳು. ಸವೆದ ತೂತಿಗೆ ಒಂದು ಹನಿ ಎಣ್ಣೆ ಬಿಟ್ಟು, ಅದಕ್ಕಿಂತ ತುಸು ದಪ್ಪದ, ನಕ್ಷತ್ರದ ಮೊನೆಯಿರುವ ಕೀಲಿಯೊಂದನ್ನು ಚಿಕ್ಕ ಸುತ್ತಿಗೆಯಿಂದ ಮೆಲ್ಲಮೆಲ್ಲಗೆ ಬಡಿದು ಕೂರಿಸಿದಳು. ತಿರುಗಿಸಿದರೆ ಕದಲಲಿಲ್ಲ. ಬೈದಳು. ಫಿನ್ನಿಶ್ ಭಾಷೆಯಲ್ಲಿ ಅಜ್ಜಿ ಬಳಸುತ್ತಿದ್ದ ಒಂದು ಬೈಗುಳವಿತ್ತು, ಅದನ್ನೂ ಹೇಳಿದಳು. ಇನ್ನೊಮ್ಮೆ ಬಡಿದು, ಉಸಿರು ಹಿಡಿದು, ಮಣಿಕಟ್ಟಿನಲ್ಲಿ ಮಾತ್ರ ಬಲವಿಟ್ಟು ತಿರುಗಿಸಿದಾಗ ಮರದೊಳಗಿಂದ ಕಿರ್ರ್ ಎಂದು ಸದ್ದು ಬಂತು. ಮುರಿದಿರಲಿಲ್ಲ, ನಟ್ಟು ಬಿಟ್ಟುಕೊಟ್ಟಿತ್ತು. ಹಳೆಯದನ್ನು ಪೂರ್ತಿ ಕಳಚಿ, ಸರಳಿನ ತುದಿ ಗಟ್ಟಿಯಾಗಿದೆಯೆಂದು ನೋಡಿಕೊಂಡು, ಡ್ರಾಯರಿನಿಂದ ಹೊಸ ನಟ್ಟು ತೆಗೆದು ಹಾಕಿದಳು.

ವೆಂಡೆಲ್ ಬಸ್ಸಿನ ಸಮವಸ್ತ್ರದಲ್ಲೇ ಬಂದ. ಹಳೆಯ ಹೆಂಡತಿ, ಈಗಿನವಳು, ತಂತಿಯಿಲ್ಲದ ಗಿಟಾರು, ಮೂರನ್ನೂ ಒಂದೇ ಕೋಣೆಯಲ್ಲಿ ಕಂಡು ಬಾಗಿಲಲ್ಲೇ ನಿಂತ. ಯಾರು ತೀರಿಹೋದರು ಎಂದು ಕೇಳಿದ.

ಯಾರೂ ತೀರಿಹೋಗಿಲ್ಲ ಎಂದು ಜೋಸೆಟ್ ಎದ್ದು ನಿಂತು, ಏನನ್ನೂ ಮುಚ್ಚಿಡದೆ ಹೇಳಿದಳು. ಅವನು ಟೋಪಿ ಕೈಯಲ್ಲಿ ಹಿಡಿದು ಕೇಳಿದ. ಮೊದಲು ಅವನಿಗೆ ಹೊಳೆದದ್ದು ತನಗಾದ ಅನ್ಯಾಯ.

"ಇಡೀ ಚಳಿಗಾಲ ಇವಳ ಕೈಲಿ ನಾನು ಬೈಸ್ಕೊಂಡೆ. ಅಮ್ಮನ ಗೋರಿ ಮೇಲೆ ಆಣೆ ಮಾಡ್ದೆ."

"ಅದು ನಿಜವಾದ ಆಣೆ ಆಗಿದ್ದು ಇದೊಂದೇ ಸಲ," ಅಂದಳು ರಿಟ್ವಾ.

"ಕಲೀಬೇಕು ಅಂತಿದ್ರೆ ನನ್ನ ಕೇಳೋದಲ್ವಾ ಜೋಸೆಟ್? ಬೇಡ ಅಂತಿದ್ನಾ?"

"ಕೇಳಿದ್ದೆ. ನೀನು ಬೇಡ ಅಂದೆ."

"ಯಾವಾಗ?"

ಜೋಸೆಟ್ ಹೇಳಿದಳು. ಅಡುಗೆಮನೆಯಲ್ಲಿ ಒಮ್ಮೆ, ಅವನ ಅಣ್ಣನ ಮನೆಯಿಂದ ಬರುವಾಗ ಕಾರಿನಲ್ಲಿ ಒಮ್ಮೆ. ಅವನು ಅಂದ ಮಾತುಗಳನ್ನೇ ಅವನಿಗೆ ಒಪ್ಪಿಸಿದಳು. ವೆಂಡೆಲ್‌ಗೆ ಒಂದೂ ನೆನಪಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಆಸರೆಗಾಗಿ ಅವನು ರಿಟ್ವಾಳ ಕಡೆ ತಿರುಗಿದ.

"ನಾನು ಹಾಗೆ ಅನ್ನೋನಾ? ನೀನೇ ಹೇಳು."

"ಅನ್ನೋನೇ. ನಂಗೂ ಅಂದಿದ್ದೆ."

"ನಿಂಗಾ? ಯಾವಾಗ?"

"ನಿನ್ನ ತಲೇಲಿ ಕೂದಲಿದ್ದಾಗ."

ಈಗ ಅವನ ಕಿವಿಗಳು ಕೆಂಪಾದವು. ಸುಳ್ಳಿಗಲ್ಲದೆ ಬೇರೆ ಕಾರಣಕ್ಕೂ ಅವು ಕೆಂಪಾಗುತ್ತವೆಂದು ರಿಟ್ವಾಗೆ ಗೊತ್ತಿರಲಿಲ್ಲ. ಅವನು ಟೋಪಿ ಹಾಕಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತ. ಇಂಜಿನ್ ಓಡುತ್ತಲೇ ಇತ್ತು. ಜೋಸೆಟ್ ಕಿಟಕಿಯಿಂದ ನೋಡಿದಳು. ಬೇಕಾದಷ್ಟು ಹೊತ್ತು ಕೂತಿರಲಿ, ಪೆಟ್ರೋಲ್ ಖಾಲಿಯಾದರೆ ತಾನೇ ಬರುತ್ತಾನೆ ಎಂದು ರಿಟ್ವಾ ಹೇಳಿ ಸೂಪು ಬಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಬಂದು, ಒಳಗೆ ಕಾಲಿಡದೆ, ಮನೆಗೆ ಹೋಗೋಣವೇ ಎಂದು ಜೋಸೆಟ್‌ಳನ್ನು ಕೇಳಿದ. ಅವಳು ಸೂಪು ಮುಗಿಸಿಯೇ ಎದ್ದಳು.

ಮಾರನೆಯ ದಿನ ಸಂಜೆ ರಿಟ್ವಾ ಕುತ್ತಿಗೆಗೆ ಉಕ್ಕಿನ ಪಟ್ಟಿ ಹಿಡಿದು ನೋಡಿದಳು. ಮರ ತನ್ನ ಜಾಗಕ್ಕೆ ಬಂದಿತ್ತು. ವೆಂಡೆಲ್ ಬಂದು ಒಯ್ದ. ಶನಿವಾರದ ಕುಣಿತದಲ್ಲಿ ಗಿಟಾರು ಗಂಟೆಯ ಹಾಗೆ ನುಡಿಯಿತೆಂದು ಕ್ಲಬ್ಬಿಗೆ ಹೋಗಿದ್ದವರೆಲ್ಲ ಹೇಳಿದರು. ಜೋಸೆಟ್ ಹೋಗಿರಲಿಲ್ಲವೆಂದೂ ಹೇಳಿದರು.

ಆಮೇಲೆ ರಿಟ್ವಾಗೆ ಬಂದ ಸುದ್ದಿಯೆಲ್ಲ ಬೇಕರಿಯ ಮೂಲಕವೇ. ಬ್ರೆಡ್ ತರಲು ಹೋದಾಗ ಜೋಸೆಟ್ ಗಲ್ಲಾದ ಹಿಂದಿನಿಂದ ಮೆಲ್ಲಗೆ ಹೇಳುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಗಿದೆ. ಅವನು ಗಿಟಾರು ತಗೋ, ಬಾರಿಸು ಅನ್ನುತ್ತಾನೆ, ಆದರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾನೆ, ಹಾಗೆ ನೋಡುತ್ತಿದ್ದರೆ ನನ್ನ ಕೈ ಕಲ್ಲಾಗುತ್ತದೆ. ತಂತಿ ಬೇರೆ ಅದೇ ಎತ್ತರ. ಅದಕ್ಕೇ ಮುಟ್ಟುವುದನ್ನೇ ಬಿಟ್ಟಿದ್ದೇನೆ. ಇದನ್ನು ಕೇಳಿ ರಿಟ್ವಾಗೆ ಇಬ್ಬರ ಮೇಲೂ ರೇಗಿತು. ಅವನಿಗೆ ಕಲಿಸಲು ಬರುವುದಿಲ್ಲ, ಇವಳಿಗೆ ಅವನನ್ನು ಎಬ್ಬಿಸಿ ಓಡಿಸಲು ಬರುವುದಿಲ್ಲ.

ಮಾರ್ಚಿನಲ್ಲಿ ವೆಂಡೆಲ್ ಫೋನ್ ಮಾಡಿದ. ಸುತ್ತಿ ಬಳಸಿ ಹವಾಮಾನ, ಬಸ್ಸಿನ ಬ್ರೇಕು, ಆರ್ವಿಲ್‌ನ ಮೊಣಕಾಲು ಎಲ್ಲ ಮುಗಿಸಿ, ಚಿಕ್ಕ ಕೈಗೆ ಒಗ್ಗುವ ಗಿಟಾರೇನಾದರೂ ನಿನ್ನ ಹತ್ತಿರ ಇದೆಯೇ ಎಂದು ಕೇಳಿದ. ಇತ್ತು. ಪಶ್ಚಿಮಕ್ಕೆ ಮನೆ ಬದಲಾಯಿಸಿದ ಒಬ್ಬಳು, ಯಾರಿಗೆ ಬೇಕೋ ಅವರಿಗೆ ಕೊಡು ಎಂದು ಬಿಟ್ಟುಹೋದ ಒಂದು ಹಸಿರು ಗಿಟಾರು, ಕುತ್ತಿಗೆ ಗಿಡ್ಡ, ತೂಕ ಕಡಿಮೆ. ಹಾಗಾದರೆ ಹದಮಾಡಿಡು, ಜೋಸೆಟ್‌ಗೆ ಹೇಳಬೇಡ ಅಂದ.

ಹೇಳಿದ್ದಷ್ಟೇ ಅಲ್ಲ, ಭಾನುವಾರ ಬೆಳಿಗ್ಗೆ ತಾನೇ ಬಂದು ರಿಟ್ವಾಳ ಭುಜದ ಹಿಂದೆ ನಿಂತ. ಅವಳು ಕುತ್ತಿಗೆಯ ಬಾಗು ನೋಡುತ್ತಿದ್ದರೆ ಇವನೂ ಒಂದು ಕಣ್ಣು ಮುಚ್ಚಿ ನೋಡಿದ. ಅವಳು ಕುದುರೆ ಇಳಿಸಲು ಹೋದರೆ ಬೇಡ ಅಂದ.

"ಇನ್ನೂ ಸ್ವಲ್ಪ ಎತ್ತರ ಇರ್ಲಿ. ಮೊದ್ಲಿಗೇ ಸಲೀಸಾದ್ರೆ ಬೆರಳಿಗೆ ಬಲ ಬರಲ್ಲ. ನಾನೆಲ್ಲ ಹೆಂಗೆ ಕಲಿತೆ?"

"ಇದನ್ನ ಬಾರಿಸೋದು ಯಾರು?"

"ಅವಳು."

"ಅವಳೆಲ್ಲಿ?"

"ಮನೇಲಿ. ಗೊತ್ತಾಗ್ಬಾರ್ದು ಅಂತ."

ರಿಟ್ವಾ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಕಾಲು ಮನೇಲಿಟ್ಟು ಚಪ್ಪಲಿ ಅಂಗಡಿಗೆ ಬಂದಿದೀಯಲ್ಲೋ. ಅವಳ ಬೆರಳು ಎಷ್ಟು ಒತ್ತತ್ತೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಿನ್ನ ಬೆರಳು ನೋಡಿ ಮಾಡ್ಲಾ? ಹೋಗು, ಕರ್ಕೊಂಡು ಬಾ. ಈಗಲೇ."

ಗೊಣಗಿದ, ಆದರೆ ಹೋದ. ಜೋಸೆಟ್ ಬಂದಾಗ ತೋಳಿಗೆ ಹಿಟ್ಟು ಮೆತ್ತಿತ್ತು, ಮುಖ ಬಿಗಿಯಾಗಿತ್ತು, ಕೈಯಲ್ಲಿ ಗುಲಾಬಿ ಬಣ್ಣದ ಸಕ್ಕರೆ ಹಚ್ಚಿದ ಪರ್ಷಿಯನ್ ಬನ್ನುಗಳ ಡಬ್ಬಿಯಿತ್ತು. ಹಸಿರು ಗಿಟಾರನ್ನು ನೋಡಿದಳು, ವೆಂಡೆಲ್‌ನನ್ನು ನೋಡಿದಳು, ಕೈ ತೊಳೆಯಲು ಹೋದಳು.

ರಿಟ್ವಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತೆಳು ತಂತಿ ಹಾಕಿದ ಗಿಟಾರನ್ನು ತೊಡೆಯ ಮೇಲಿಟ್ಟು, ಒತ್ತಲು ಹೇಳಿದಳು. ಬೆರಳ ತುದಿ ಬಿಳಿಚಿಕೊಳ್ಳುವುದನ್ನು ನೋಡಿ ಕುದುರೆಯನ್ನು ತುಸು ಇಳಿಸಿದಳು. ಮೀಟು ಅಂದಳು. ಇನ್ನೂ ತುಸು ಇಳಿಸಿದಳು. ಮೂರನೆಯ ತಂತಿ ಝರ್ ಅಂದಿತು. ಕೇಳಿಸಿತಾ ಎಂದು ಕೇಳಿದಳು. ಈ ಸಲ ಜೋಸೆಟ್‌ಗೆ ಕೇಳಿಸಿತು.

"ಈಗ ಇದು ಕುದುರೆಯ ತಪ್ಪಲ್ಲ. ಕುತ್ತಿಗೆ ನೇರ ಜಾಸ್ತಿಯಾಗಿದೆ. ಹಿಡಿ ಇದನ್ನ." ರಿಟ್ವಾ ಸರಿಯಾದ ಅಳತೆಯ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟಳು. "ಬಿಗಿ ಅಲ್ಲ, ಸಡಿಲ. ಪೂರ್ತಿ ಕೂತಿದೆ ಅಂತ ಮೊದಲು ಅಲುಗಿಸಿ ನೋಡು. ಕೂತಿದ್ಯಾ? ಮೆಲ್ಲಗೆ."

"ಅವಳ ಕೈಗೇ ಕೊಡ್ತಿದೀಯಲ್ಲೇ," ಅಂದ ವೆಂಡೆಲ್.

ಇಬ್ಬರೂ ಅವನ ಕಡೆ ತಿರುಗಲಿಲ್ಲ. ಜೋಸೆಟ್ ಕೀಲಿಯನ್ನು ಗಡಿಯಾರದ ಮುಳ್ಳು ಒಂದು ಗೆರೆ ಸರಿದಷ್ಟೇ ತಿರುಗಿಸಿ, ನಿಲ್ಲಿಸಿ, ರಿಟ್ವಾಳ ಮುಖ ನೋಡಿದಳು. ಸಾಕು ಎಂದಳು ರಿಟ್ವಾ. ಇನ್ನು ಕಾಯಬೇಕು. ಮೂವರೂ ಕಾಫಿ ಕುಡಿಯುತ್ತ ಬನ್ನು ತಿಂದರು. ಕಾಯುವುದರಲ್ಲಿ ಅರ್ಥವಿಲ್ಲ, ಈಗಲೇ ನೋಡಬಹುದು ಎಂದು ವೆಂಡೆಲ್ ಆಗಾಗ ಹೇಳುತ್ತಿದ್ದ. ಹೊರಗೆ ಛಾವಣಿಯಿಂದ ಕರಗಿದ ಹಿಮ ತೊಟ್ಟಿಕ್ಕುತ್ತಿತ್ತು.

ಆಮೇಲೆ ಜೋಸೆಟ್ ಮೀಟಿದಳು. ತಂತಿ ಶುದ್ಧವಾಗಿ ನುಡಿಯಿತು. ಬೆರಳುಗಳನ್ನು ತಿರುಗಿಸಿ ನೋಡಿಕೊಂಡು, "ನೋಯ್ತಿಲ್ಲ," ಅಂದಳು, ನಂಬಿಕೆಯಿಲ್ಲದವಳ ಹಾಗೆ. ಚಳಿಗಾಲವೆಲ್ಲ ಕದ್ದು ಕಲಿತ ಹಾಡನ್ನು ಶುರುಮಾಡಿದಳು. ಒಂದು ಕಡೆ ಬೆರಳು ತಡವರಿಸಿತು, ಮತ್ತೆ ಮೊದಲಿಂದ ಹಿಡಿದಳು. ಅದೇ ಜಾಗದಲ್ಲಿ ಮತ್ತೆ ತಡವರಿಸಿತು. ವೆಂಡೆಲ್ ಬಾಯಿ ತೆರೆದ. ರಿಟ್ವಾ ಅವನನ್ನು ದುರುಗುಟ್ಟಿ ನೋಡಿದಳು. ಅವನು ಬಾಯಿಗೆ ಇನ್ನೊಂದು ಬನ್ನು ತುರುಕಿಕೊಂಡ.

ಬನ್ನು ಮುಗಿಯುವವರೆಗೆ ತಡೆದುಕೊಂಡ.

"ಮಣಿಕಟ್ಟು," ಅಂದ. "ಮಣಿಕಟ್ಟು ಸ್ವಲ್ಪ ಹೊರಗೆ ತಂದ್ರೆ ಆ ಬೆರಳು..."

ರಿಟ್ವಾ ಬಾಗಿಲು ತೋರಿಸಿದಳು. ಕಾರಿನ ಮೇಲಿನ ಹಿಮ ತೆಗೆಯುವುದಿದೆ ಎಂದು ಅವನೇ ಹೇಳಿಕೊಂಡು, ಕೋಟು ಹಾಕಿಕೊಂಡು ಹೊರಗೆ ನಡೆದ. ಕಾರಿನ ಮೇಲೆ ಹಿಮ ಅಷ್ಟೇನೂ ಇರಲಿಲ್ಲ. ಗಾಜಿನಾಚೆ ಅವನು ಬ್ರಷ್ ಹಿಡಿದು ಅಲ್ಲಲ್ಲೇ ಒರೆಸುತ್ತ, ಒಳಗಿನದು ಕೇಳಿಸುತ್ತದೆಯೋ ಎಂದು ಆಗಾಗ ತಲೆ ವಾಲಿಸುತ್ತಿದ್ದ. ಜೋಸೆಟ್ ಅವನ ಕಡೆ ಬೆನ್ನು ಮಾಡಿ ಕೂತು, ಮಣಿಕಟ್ಟನ್ನು ಸ್ವಲ್ಪ ಹೊರಗೆ ತಂದು, ಹಾಡನ್ನು ಮತ್ತೆ ಶುರುಮಾಡಿದಳು.